ಇಟಲಿಯ ‘ಅಮೆರಿಗೊ’ ಹೆಸರಿನ ಅರ್ಥ ಏನು? ಈಗಲೂ ಮಕ್ಕಳಿಗೆ ಇಡುತ್ತಾರಾ?

ನೀವು ಕೇಳಿದ್ದು ಇಷ್ಟು. ನಿಮ್ಮ ಗಂಡ ಇಟಲಿಯ ಟಸ್ಕನಿ ಪ್ರಾಂತ್ಯದವರು. ಗಂಡು ಮಗುವಾದರೆ ಅವರ ತೀರಿಹೋದ ತಾತನ ಹೆಸರು ಅಮೆರಿಗೊ ಅಂತ ಇಡಬೇಕು ಅನ್ನೋದು ಅತ್ತೆ ಮನೆಯ ಆಸೆ. ಇತ್ತ ಊರಲ್ಲಿ ನಿಮ್ಮ ಅಮ್ಮ, "ಇದೇನೇ, ಮಗುಗೆ ಅಮೆರಿಕಾ ಅಂತ ಹೆಸರಿಡ್ತೀರಾ?" ಅಂತ ನಗುತ್ತಿದ್ದಾರೆ. ಇದರ ಅರ್ಥ ಏನು, ಎಲ್ಲಿಂದ ಬಂತು, ಈಗಿನ ಕಾಲದಲ್ಲಿ ಯಾರಾದರೂ ಇಡುತ್ತಾರಾ, ಶಾಲೆಯಲ್ಲಿ ಮಗುಗೆ ಕಷ್ಟ ಆಗುತ್ತಾ ಅಂತ ನಿಮ್ಮ ಪ್ರಶ್ನೆ.

ನಾನು ಅದೇ ಟಸ್ಕನಿಯ ಫ್ಲಾರೆನ್ಸ್‌ನಲ್ಲಿ ಇರೋನು. ಈ ಹೆಸರನ್ನು ಇಲ್ಲಿ ದಿನಾ ನೋಡುತ್ತೇನೆ, ಆದರೆ ಜಾಸ್ತಿ ಬೋರ್ಡುಗಳ ಮೇಲೆ. ವಿಮಾನ ನಿಲ್ದಾಣದ ಹೆಸರು ಅಮೆರಿಗೊ ವೆಸ್ಪುಚ್ಚಿ. ಐನೂರು ವರ್ಷದ ಹಿಂದೆ ಈ ಊರಿನಲ್ಲಿ ಹುಟ್ಟಿದ ನಾವಿಕ ಅವನು, ಅಮೆರಿಕಕ್ಕೆ ಹೆಸರು ಬಂದಿದ್ದು ಅವನಿಂದಲೇ. ಆರ್ನೊ ನದಿಗೆ ಅದೇ ಹೆಸರಿನ ಒಂದು ಸೇತುವೆ. ನದಿ ದಂಡೆಯ ಒಂದು ರಸ್ತೆಗೂ ಅದೇ ಹೆಸರು, ಮತ್ತೆ ಅಮೆರಿಕದ ಕಾನ್ಸುಲೇಟ್ ಇರುವುದು ಸರಿಯಾಗಿ ಆ ರಸ್ತೆಯಲ್ಲೇ! ಉಫಿತ್ಸಿ ಮ್ಯೂಸಿಯಂ ಹೊರಗಿನ ಕಂಬಗಳ ಸಾಲಿನಲ್ಲಿ ಅವನ ಕಲ್ಲಿನ ಪ್ರತಿಮೆ ಕೂಡ ಇದೆ. ಹೆಸರು ಇಷ್ಟು ಕಡೆ ಇದೆ, ಆದರೆ ಪಾರ್ಕಿನಲ್ಲಿ ಯಾವ ತಾಯಿಯಾದರೂ "ಅಮೆರಿಗೊ, ಬಾರೋ" ಅಂತ ಕೂಗುವುದು ಕೇಳಿಸುವುದಿಲ್ಲ. ನಿಮ್ಮ ಮಗು ಈ ಹೆಸರು ಹೊತ್ತರೆ ಅವನ ಪರಿಸ್ಥಿತಿ ಹೀಗೆ ಇರುತ್ತದೆ. ಎಲ್ಲರಿಗೂ ಗೊತ್ತಿರುವ ಹೆಸರು, ಆದರೆ ಆ ಹೆಸರಿನ ಹುಡುಗ ಯಾರಿಗೂ ಗೊತ್ತಿಲ್ಲ.

ಮೊದಲು ನಿಮ್ಮ ಅಮ್ಮನಿಗೆ ಉತ್ತರ. ಅಮೆರಿಕದಿಂದ ಈ ಹೆಸರು ಬಂದಿಲ್ಲ. ಅಮೆರಿಕ ಅನ್ನುವ ಖಂಡಕ್ಕೆ ಹೆಸರು ಬಿದ್ದಿದ್ದು 1507ರಲ್ಲಿ. ಅದಕ್ಕಿಂತ ಎಷ್ಟೋ ಶತಮಾನ ಮೊದಲಿಂದ ಇದು ಜನರ ಹೆಸರು. ಮೂಲ ಜರ್ಮ್ಯಾನಿಕ್ ಭಾಷೆಗಳಲ್ಲಿದೆ. ರೋಮ್ ಬಿದ್ದ ಮೇಲೆ ಗೋಥರು, ಲೊಂಬಾರ್ಡರು, ಫ್ರಾಂಕರು ಅಂತ ಉತ್ತರದ ಜನ ಒಬ್ಬರ ಹಿಂದೆ ಒಬ್ಬರು ಇಟಲಿಗೆ ಬಂದರಲ್ಲ, ಅವರ ಜೊತೆ ಅವರ ಹೆಸರುಗಳೂ ಬಂದವು. ಆಲ್ಬೆರ್ತೊ, ರೊಬೆರ್ತೊ, ಫೆದೆರೀಕೊ, ಕಾರ್ಲೊ, ಕೊನೆಗೆ ಅಪ್ಪಟ ಇಟಾಲಿಯನ್ ಅಂತ ನಾವು ಅಂದುಕೊಂಡಿರುವ ಲಿಯೊನಾರ್ದೊ ಕೂಡ ಹಾಗೆ ಬಂದದ್ದೇ. ಅಮೆರಿಗೊ ಕೂಡ ಅದೇ ಬಳಗದ್ದು.

ಅರ್ಥದ ವಿಷಯದಲ್ಲಿ ಎರಡು ದಾರಿಗಳಿವೆ. ಒಂದು, ಹೈಮಿರಿಕ್ ಅನ್ನುವ ಹಳೆಯ ಹೆಸರು. ಹೈಮ್ ಅಂದರೆ ಮನೆ, ರಿಕ್ ಅಂದರೆ ಆಳುವವನು, ಒಟ್ಟು ಮನೆಯೊಡೆಯ ಅಂತಾಗುತ್ತದೆ. ಹಾಗೆ ನೋಡಿದರೆ ಇದು ಇಟಾಲಿಯನ್ ಎನ್ರೀಕೊ, ಇಂಗ್ಲಿಷಿನ ಹೆನ್ರಿ ಇವುಗಳ ಒಡಹುಟ್ಟು. ಇನ್ನೊಂದು, ಅಮಲ್ರಿಕ್. ಅಮಲ್ ಅನ್ನೋದು ಗೋಥರ ರಾಜವಂಶದ ಹೆಸರು, ಇಟಲಿಯನ್ನು ಆಳಿದ ಥಿಯೊಡೊರಿಕ್ ಆ ವಂಶದವನು. (ನಮ್ಮ ಅಮಲ, ಅಮಲು ಎರಡಕ್ಕೂ ಇದಕ್ಕೂ ನಂಟಿಲ್ಲ, ಯಾರಾದರೂ ಕಥೆ ಕಟ್ಟುವ ಮೊದಲೇ ಹೇಳಿಬಿಡುತ್ತೇನೆ.) ಹೆಸರಿನ ಶಾಸ್ತ್ರ ಬಲ್ಲವರು ಎರಡನ್ನೂ ಹೇಳುತ್ತಾರೆ, ಹಳೆಯ ಕಾಲದಲ್ಲಿ ಎರಡೂ ಬೆರೆತು ಹೋಗಿವೆ. ಕೊನೆಯ ‘ರಿಕ್’ ಮಾತ್ರ ಎರಡರಲ್ಲೂ ಇದೆ, ಅದು ನಮ್ಮ ‘ರಾಜ’ ಅನ್ನುವ ಪದಕ್ಕೆ ದೂರದ ಸಂಬಂಧಿ. ಭಾಷಾ ವಿಜ್ಞಾನದವರು ಒಪ್ಪಿದ ವಿಷಯ ಇದು, ನಾನು ಕಟ್ಟಿದ್ದಲ್ಲ. ನಿಮ್ಮ ಅಮ್ಮನಿಗೆ ಇಷ್ಟು ಹೇಳಿದರೆ ಅರ್ಧ ಕೆಲಸ ಆಗುತ್ತದೆ ನೋಡಿ. ಮನೆಗೆ ರಾಜ ಅನ್ನೋ ಅರ್ಥದ ಹೆಸರಿಗೆ ಯಾವ ಅಜ್ಜಿ ಬೇಡ ಅಂತಾರೆ?

ಪೇಟೆಯಲ್ಲಿ ಸಿಗುವ ಮಕ್ಕಳ ಹೆಸರಿನ ಸೈಟುಗಳಲ್ಲಿ ಇದಕ್ಕೆ ‘ಶ್ರಮಜೀವಿ’, ‘ಸಾಹಸಿ’ ಅಂತೆಲ್ಲ ಹಾಕಿರುತ್ತಾರೆ. ಸಾಹಸಿ ಅನ್ನೋದು ವೆಸ್ಪುಚ್ಚಿಯನ್ನು ನೋಡಿ ಬರೆದದ್ದು, ಹೆಸರಿನ ಒಳಗೆ ಅದು ಇಲ್ಲ.

ಇದೇ ಬೇರಿನ ಬೇರೆ ರೂಪಗಳು ಯುರೋಪಿನಲ್ಲೆಲ್ಲ ಇವೆ. ಹಂಗೇರಿಯಲ್ಲಿ ಇಮ್ರೆ. 2002ರಲ್ಲಿ ಸಾಹಿತ್ಯದ ನೊಬೆಲ್ ಪಡೆದ ಇಮ್ರೆ ಕೆರ್ತೇಸ್ ಅವರ ಹೆಸರು ಇದೇ. ಜರ್ಮನಿಯಲ್ಲಿ ಎಮ್ಮೆರಿಕ್, ಇಂಗ್ಲಿಷಿನಲ್ಲಿ ಎಮರಿ. ಸ್ಪ್ಯಾನಿಷ್, ಪೋರ್ಚುಗೀಸ್ ಜನರಲ್ಲಿ ಅಮೆರಿಕೊ. ಕೊನೆಯಲ್ಲಿ ‘ಗೊ’ ಇದ್ದರೆ ಇಟಲಿಯದು, ‘ಕೊ’ ಇದ್ದರೆ ಸಾಮಾನ್ಯವಾಗಿ ಆ ಕಡೆಯದು. ದಾಖಲೆ ಬರೆಸುವಾಗ ಇದನ್ನು ನೋಡಿಕೊಳ್ಳಿ, ಗುಮಾಸ್ತರು ಅವಸರದಲ್ಲಿ ಒಂದನ್ನು ಇನ್ನೊಂದು ಮಾಡಿಬಿಡುತ್ತಾರೆ.

ಹೆಸರಿನ ಹಬ್ಬ ಕೇಳಿದ್ದೀರಲ್ಲ, ಇಟಲಿಯವರು ಒನೊಮಾಸ್ತಿಕೊ ಅನ್ನುತ್ತಾರೆ. ಆ ಹೆಸರಿನ ಸಂತರ ದಿನ. ಅಮೆರಿಗೊಗೆ ಅದು ನವೆಂಬರ್ 4, ಇದೇ ಹೆಸರಿನ ಇನ್ನೊಂದು ರೂಪ ಹೊತ್ತ ಸಂತ ಎಮೆರಿಕ್‌ನ ದಿನ. ಸಂತ ಎಮೆರಿಕ್ ಹಂಗೇರಿಯ ಮೊದಲ ರಾಜ ಸ್ಟೀಫನ್ ಮಗ. 1031ರಲ್ಲಿ ಬೇಟೆಯಲ್ಲಿ ಕಾಡುಹಂದಿ ತಿವಿದು ಸತ್ತ, ಪಟ್ಟ ಏರಲೇ ಇಲ್ಲ. 1083ರಲ್ಲಿ ಅಪ್ಪನ ಜೊತೆ ಅವನನ್ನೂ ಸಂತ ಅಂತ ಸಾರಿದರು. ಇಟಲಿಯಲ್ಲಿ ನವೆಂಬರ್ 4 ಮೊದಲ ಮಹಾಯುದ್ಧ ಮುಗಿದ ನೆನಪಿಗೆ ಸೈನ್ಯದ ದಿನವೂ ಹೌದು, ಮಗು ಎಲ್ಲಾ ಬಾವುಟಗಳೂ ತನಗೇ ಅಂದುಕೊಂಡು ಬೆಳೆಯಬಹುದು.

ಈಗ ಆ ದೊಡ್ಡ ಅಮೆರಿಗೊ. ಅವನ ಕಥೆ ಬಿಟ್ಟು ಈ ಹೆಸರಿನ ಬಗ್ಗೆ ಮಾತಾಡೋಕೆ ಆಗಲ್ಲ. ಆದರೆ ನಿಮಗೆ ಮುಖ್ಯವಾದ ಒಂದು ವಿಷಯವನ್ನು ಜನ ಹೇಳುವುದೇ ಇಲ್ಲ. 1454ರಲ್ಲಿ ಫ್ಲಾರೆನ್ಸ್‌ನಲ್ಲಿ ಹುಟ್ಟಿದ ಆ ಮಗುವಿಗೆ ಈ ಹೆಸರು ಬಂದಿದ್ದು ತಾತನಿಂದ. ತಾತನೂ ಅಮೆರಿಗೊ ವೆಸ್ಪುಚ್ಚಿಯೇ, ಊರಿನ ಆಡಳಿತದಲ್ಲಿ ದೊಡ್ಡ ಕೆಲಸದಲ್ಲಿದ್ದವನು. ತಾತನ ಹೆಸರು ಮೊಮ್ಮಗನಿಗೆ! ನಮ್ಮಲ್ಲಿ ತಿಮ್ಮಪ್ಪನ ಮೊಮ್ಮಗ ತಿಮ್ಮಪ್ಪ ಆಗುವ ಹಾಗೆ. ನಿಮ್ಮ ಅತ್ತೆ ಮನೆಯವರು ಕೇಳುತ್ತಿರುವುದೂ ಅದೇ ಅಲ್ವಾ. ಹಾಗಾಗಿ ಅವರು ಖಂಡದ ಹೆಸರು ಇಡುತ್ತಿಲ್ಲ, ಈ ಹೆಸರು ಆ ಊರಿನಲ್ಲಿ ಯಾವ ರೀತಿ ಇಳಿದು ಬಂತೋ ಅದೇ ರೀತಿ ಇಳಿಸುತ್ತಿದ್ದಾರೆ. ನನ್ನ ಮಟ್ಟಿಗೆ ಇದನ್ನು ಇಡೋಕೆ ಇದಕ್ಕಿಂತ ಒಳ್ಳೆ ಕಾರಣ ಇಲ್ಲ.

ಅವರ ಮನೆತನದ ಹೆಸರು ವೆಸ್ಪಾ ಅಂದರೆ ಕಣಜದ ಹುಳದಿಂದ ಬಂದದ್ದು, ಅವರ ಮನೆತನದ ಲಾಂಛನದಲ್ಲೂ ಕಣಜಗಳಿವೆ. ಹೌದು, ನಮ್ಮ ಅಪ್ಪಂದಿರು ಓಡಿಸಿದ ವೆಸ್ಪಾ ಸ್ಕೂಟರ್ ಹೆಸರು ಕೂಡ ಅದೇ ಹುಳದ್ದು. ಫ್ಲಾರೆನ್ಸ್‌ಗೆ ಬಂದಾಗ ಓನ್ಯಿಸ್ಸಾಂತಿ ಚರ್ಚಿಗೆ ಹೋಗಿ. ಅದು ವೆಸ್ಪುಚ್ಚಿಗಳ ಓಣಿಯ ಚರ್ಚು. ಗಿರ್ಲಾಂದಾಯೊ ಬಿಡಿಸಿದ ಗೋಡೆ ಚಿತ್ರದಲ್ಲಿ ಆ ಕುಟುಂಬದವರು ಮಾತೆ ಮೇರಿಯ ಮೇಲುಹೊದಿಕೆಯ ಕೆಳಗೆ ಮೊಣಕಾಲೂರಿ ನಿಂತಿದ್ದಾರೆ, ಅದರಲ್ಲಿ ಒಬ್ಬ ಹುಡುಗ ಅಮೆರಿಗೊ ಅಂತ ಇಲ್ಲಿಯವರು ತೋರಿಸುತ್ತಾರೆ. ಟಿಕೆಟ್ ಇಲ್ಲ, ಜನಜಂಗುಳಿಯೂ ಅಷ್ಟಿಲ್ಲ.

ಅಮೆರಿಗೊ ಮೂಲತಃ ನಾವಿಕ ಅಲ್ಲ. ಫ್ಲಾರೆನ್ಸ್‌ನ ಪ್ರಬಲ ಶ್ರೀಮಂತ ಮನೆತನವಾದ ಮೆದಿಚಿಯವರ ವ್ಯವಹಾರ ನೋಡಿಕೊಳ್ಳುತ್ತಿದ್ದವನು, ಆ ಕೆಲಸದ ಮೇಲೆ ಸ್ಪೇನಿನ ಸೆವಿಯಾಗೆ ಹೋದ. ನಲವತ್ತು ದಾಟಿದ ಮೇಲೆ ಸಮುದ್ರ ಹತ್ತಿದ. 1499ರಲ್ಲಿ ಸ್ಪೇನಿನ ಪರವಾಗಿ, 1501ರಲ್ಲಿ ಪೋರ್ಚುಗಲ್ ಪರವಾಗಿ.

1501ರ ಆ ಪ್ರಯಾಣದಲ್ಲಿ ನಮಗೆ ಸಂಬಂಧಪಟ್ಟ ಒಂದು ತುಣುಕು ಇದೆ, ಅದನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ವಾಸ್ಕೊ ಡ ಗಾಮ 1498ರಲ್ಲಿ ವಾಪಸ್ ಹೊರಡುವಾಗ ನಮ್ಮ ಕಾರವಾರದ ಎದುರಿಗಿರುವ ಅಂಜುದೀವ ದ್ವೀಪದಲ್ಲಿ ಹಡಗು ರಿಪೇರಿಗೆ ನಿಂತಿದ್ದ. ಈಗ ನೌಕಾನೆಲೆ ಇರುವ ಜಾಗ ಅದು, ಲೆಕ್ಕಕ್ಕೆ ಗೋವಾಕ್ಕೆ ಸೇರುತ್ತದೆ. ಅಲ್ಲಿಗೆ ಒಬ್ಬ ಯುರೋಪ್ ಮೂಲದ ಯಹೂದಿ ಬಂದ, ಗೋವೆಯ ಅಧಿಪತಿಯ ಕೆಲಸದಲ್ಲಿದ್ದವನು. ಪೋರ್ಚುಗೀಸರು ಅವನನ್ನು ಗೂಢಚಾರ ಅಂತ ಹಿಡಿದು, ಹೊಡೆದು ಬಾಯಿ ಬಿಡಿಸಿ, ಲಿಸ್ಬನ್‌ಗೆ ಕರೆದುಕೊಂಡು ಹೋಗಿ, ಕ್ರೈಸ್ತ ಮಾಡಿ ಗಾಸ್ಪರ್ ಡ ಗಾಮ ಅಂತ ಹೆಸರಿಟ್ಟರು. ಮುಂದೆ ಪೋರ್ಚುಗೀಸ್ ಹಡಗು ಪಡೆಯ ನಾಯಕ ಕಬ್ರಾಲ್ ಜೊತೆ ಅವನೇ ದುಭಾಷಿಯಾಗಿ ಮತ್ತೆ ಭಾರತಕ್ಕೆ ಬಂದ. ಆ ಪಡೆಯ ಹಡಗುಗಳು ವಾಪಸ್ ಹೋಗುವಾಗ ಆಫ್ರಿಕಾದ ಪಶ್ಚಿಮ ತೀರದಲ್ಲಿ, ಇವತ್ತಿನ ಡಕಾರ್ ಹತ್ತಿರ, ಪೋರ್ಚುಗಲ್‌ನಿಂದ ಹೊರಟಿದ್ದ ಅಮೆರಿಗೊನ ಹಡಗುಗಳಿಗೆ ಎದುರಾದವು. ಗಾಸ್ಪರ್ ಬಾಯಿಂದ ಅಮೆರಿಗೊ ಭಾರತದ ತೀರ, ಬಂದರುಗಳು, ಮಸಾಲೆ ವ್ಯಾಪಾರ ಎಲ್ಲಾ ಕೇಳಿ, 1501ರ ಜೂನ್ 4ರಂದು ಮೆದಿಚಿ ಮನೆಯ ಲೊರೆಂಜೊಗೆ ಕಾಗದ ಬರೆದ. ಅಲ್ಲಿಂದ ಮುಂದಕ್ಕೆ ಬ್ರೆಜಿಲ್ ತೀರಕ್ಕೆ ಹೋದ, ಅಲ್ಲಿ ತೀರದ ಉದ್ದಕ್ಕೂ ದಕ್ಷಿಣಕ್ಕೆ ಎಷ್ಟು ಹೋದರೂ ಆ ನೆಲ ಮುಗಿಯಲಿಲ್ಲ. ಇದು ಏಷ್ಯಾದ ತುದಿ ಅಲ್ಲ, ಬೇರೆಯದೇ ಲೋಕ ಅಂತ ಬರೆದ. ಏಷ್ಯಾದ ತೀರ ಹೇಗಿದೆ ಅಂತ ಕಣ್ಣಾರೆ ಕಂಡವನ ಬಾಯಲ್ಲಿ ಆಗಷ್ಟೇ ಕೇಳಿದ್ದ ಅನ್ನೋದು ಇಲ್ಲಿ ಸಣ್ಣ ವಿಷಯ ಅಲ್ಲ. ನಿಮ್ಮದು ಯಾವ ಊರೋ ಗೊತ್ತಿಲ್ಲ, ಉತ್ತರ ಕನ್ನಡದ ಕಡೆಯವರಾದರೆ ನಾಮಕರಣದ ದಿನ ನೆಂಟರಿಗೆ ಈ ಕಥೆ ಹೇಳಿ, ಎರಡೂ ಮನೆಯವರೂ ಕೇಳಿಸಿಕೊಳ್ಳುತ್ತಾರೆ.

ಹೆಸರು ಭೂಪಟಕ್ಕೆ ಏರಿದ್ದು ಹೀಗೆ. ಅಮೆರಿಗೊನ ಕಾಗದಗಳು ಅಂತ ಅಚ್ಚಾದ ಪುಸ್ತಿಕೆಗಳು ಯುರೋಪಿನಲ್ಲಿ ಬಿಸಿ ದೋಸೆ ಹಾಗೆ ಖರ್ಚಾದವು. ಅದರಲ್ಲಿ ಅವನು ಬರೆದದ್ದೆಷ್ಟು, ಅಚ್ಚು ಹಾಕಿದವರು ಸೇರಿಸಿದ್ದೆಷ್ಟು ಅಂತ ಇವತ್ತಿಗೂ ಜಗಳ ಇದೆ. ಲೊರೇನ್ ಪ್ರಾಂತ್ಯದ ಸಾಂ ದಿಯೆ ಅನ್ನುವ ಸಣ್ಣ ಊರಿನಲ್ಲಿ ಮಾರ್ಟಿನ್ ವಾಲ್ಡ್‌ಸೀಮ್ಯೂಲರ್, ಮಥಿಯಾಸ್ ರಿಂಗ್‌ಮನ್ ಅನ್ನುವ ಇಬ್ಬರು ಅದನ್ನು ಓದಿ, 1507ರಲ್ಲಿ ದೊಡ್ಡ ಭೂಪಟ ಮಾಡಿದಾಗ ಹೊಸ ನೆಲಕ್ಕೆ ಅಮೆರಿಗೊನ ಹೆಸರು ಇಟ್ಟರು. ಲ್ಯಾಟಿನ್‌ನಲ್ಲಿ ಅವನು ಅಮೆರಿಕುಸ್. ಏಷ್ಯಾ, ಯುರೋಪಾ ಎಲ್ಲಾ ಹೆಣ್ಣಿನ ಹೆಸರು ಆದ್ದರಿಂದ ಇದನ್ನೂ ಹೆಣ್ಣು ಮಾಡಿ ಅಮೆರಿಕಾ ಅಂದರು. ತಮಾಷೆ ಏನೆಂದರೆ 1513ರಲ್ಲಿ ಬಂದ ಭೂಪಟದಲ್ಲಿ ಅದೇ ವಾಲ್ಡ್‌ಸೀಮ್ಯೂಲರ್ ಆ ಹೆಸರನ್ನು ಕೈಬಿಟ್ಟ, ಆ ನೆಲ ಕಂಡುಹಿಡಿದವನು ಕೊಲಂಬಸ್ ಅಂತ ಟಿಪ್ಪಣಿ ಹಾಕಿದ. ಆದರೆ ಅಷ್ಟರಲ್ಲಿ ಹೆಸರು ಊರೆಲ್ಲ ಹಬ್ಬಿಯಾಗಿತ್ತು. 1538ರಲ್ಲಿ ಭೂಪಟಕಾರ ಮರ್ಕೇಟರ್ ಉತ್ತರ, ದಕ್ಷಿಣ ಎರಡಕ್ಕೂ ಅದನ್ನೇ ಬರೆದ, ಅಲ್ಲಿಗೆ ಗಟ್ಟಿಯಾಯಿತು. 1507ರ ಆ ಭೂಪಟದ ಒಂದೇ ಒಂದು ಪ್ರತಿ ಉಳಿದಿದೆ, ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ 2003ರಲ್ಲಿ ಅದನ್ನು 1 ಕೋಟಿ ಡಾಲರ್ ಕೊಟ್ಟು ಕೊಂಡುಕೊಂಡಿತು.

ಕೊಲಂಬಸ್‌ಗೆ ಸಲ್ಲಬೇಕಾದ ಹೆಸರನ್ನು ಇವನು ಕದ್ದ ಅಂತ ನಿಮ್ಮ ಮಗನಿಗೆ ಯಾರಾದರೂ ಹೇಳಿಯೇ ಹೇಳುತ್ತಾರೆ, ಶಾಲೆಯ ಮೇಷ್ಟ್ರೇ ಹೇಳಬಹುದು. ಅವನಿಗೆ ಉತ್ತರ ಕಲಿಸಿಡಿ. 1505ರಲ್ಲಿ ಕೊಲಂಬಸ್ ತನ್ನ ಮಗ ದಿಯೇಗೊಗೆ ಬರೆದ ಕಾಗದದಲ್ಲಿ ಅಮೆರಿಗೊ ಒಳ್ಳೆ ಮನುಷ್ಯ, ಅವನಿಗೆ ಅದೃಷ್ಟ ಒಲಿದಿಲ್ಲ, ನನಗೆ ಸಹಾಯ ಮಾಡಲು ಸಿದ್ಧನಿದ್ದಾನೆ ಅನ್ನುವ ಧಾಟಿಯಲ್ಲಿ ಬರೆದಿದ್ದಾನೆ. ಭೂಪಟ ಬರುವ ಹೊತ್ತಿಗೆ ಕೊಲಂಬಸ್ ಸತ್ತು ಒಂದು ವರ್ಷ ಆಗಿತ್ತು. ಹೆಸರು ಇಟ್ಟವರು ಜರ್ಮನ್ನರು, ಅಮೆರಿಗೊ ಅವರ ಹತ್ತಿರ ಅರ್ಜಿ ಹಾಕಿರಲಿಲ್ಲ. ಅವನು ಸ್ಪೇನಿನ ಮುಖ್ಯ ನಾವಿಕ ಅಧಿಕಾರಿಯಾಗಿ 1512ರಲ್ಲಿ ಸೆವಿಯಾದಲ್ಲಿ ತೀರಿಕೊಂಡ.

ಹೆಸರಿಗೆ ಒಂದು ಕಪ್ಪು ಚುಕ್ಕೆಯೂ ಇದೆ, ಮುಚ್ಚಿಡೋದು ಬೇಡ. ಅಮೆರಿಗೊ ದೂಮಿನಿ. 1924ರ ಜೂನ್ 10ರಂದು ರೋಮ್‌ನಲ್ಲಿ ಸಂಸದ ಜಾಕೊಮೊ ಮತ್ತೆಯೊತ್ತಿಯನ್ನು ಅಪಹರಿಸಿ ಕೊಂದ ಫ್ಯಾಸಿಸ್ಟ್ ಗುಂಪಿನ ಮುಖಂಡ. ಅವನು ಹುಟ್ಟಿದ್ದು ಅಮೆರಿಕದ ಸೇಂಟ್ ಲೂಯಿಸ್‌ನಲ್ಲಿ, ವಲಸೆ ಹೋದ ಕುಟುಂಬದಲ್ಲಿ. ಹೊರದೇಶಕ್ಕೆ ಹೋದ ಇಟಲಿಯವರು ಮಕ್ಕಳ ಹೆಸರಿನಲ್ಲಿ ದೇಶ ಇಡುವುದು ಆಗ ಇತ್ತು. ಕ್ಯೂಬಾದಲ್ಲಿ ಹುಟ್ಟಿದ ಲೇಖಕ ಕಾಲ್ವಿನೊಗೆ ತಾಯ್ನಾಡು ಮರೆಯದಿರಲಿ ಅಂತ ಇತಾಲೊ ಅಂತ ಇಟ್ಟರಂತೆ. ದೂಮಿನಿಯ ಹೆಸರು ಇಟಲಿಯ ಶಾಲೆಯ ಇತಿಹಾಸ ಪಾಠದಲ್ಲಿ ಬಂದು ಹೋಗುತ್ತದೆ, ಆದರೆ ಅಮೆರಿಗೊ ಅಂದ ತಕ್ಷಣ ಅವನು ಯಾರ ನೆನಪಿಗೂ ಬರಲ್ಲ. ಮುಸೊಲಿನಿಯಿಂದಾಗಿ ಬೆನಿತೊ ಅನ್ನುವ ಹೆಸರಿಗೆ ಆದ ಗತಿ ಇದಕ್ಕೆ ಆಗಿಲ್ಲ.

ಜನರಿಗೆ ಮೊದಲು ನೆನಪಾಗೋದು ನಾವಿಕ, ಇಲ್ಲವೇ ಹಡಗು. ಇಟಲಿ ನೌಕಾಪಡೆಯ ತರಬೇತಿ ಹಡಗು ಅಮೆರಿಗೊ ವೆಸ್ಪುಚ್ಚಿ, ಮೂರು ಕೂವೆಮರದ ಹಾಯಿ ಹಡಗು. 1931ರಲ್ಲಿ ನೀರಿಗಿಳಿದದ್ದು ಇವತ್ತಿಗೂ ಓಡುತ್ತಿದೆ, ಲೋಕದಲ್ಲೇ ಚೆಂದದ ಹಡಗು ಅಂತ ಇಟಲಿಯವರು ಎದೆಯುಬ್ಬಿಸಿ ಹೇಳುತ್ತಾರೆ. 2023ರಲ್ಲಿ ಜಿನೋವಾದಿಂದ ಪ್ರಪಂಚ ಸುತ್ತಲು ಹೊರಟು 2024ರ ಕೊನೆಯಲ್ಲಿ ಮುಂಬೈಗೂ ಬಂದಿತ್ತು. ನಿಮ್ಮ ಮಗನಿಗೆ "ಓ, ಹಡಗು ಬಂತು" ಅಂತ ಹೇಳುವ ಚಿಕ್ಕಪ್ಪಂದಿರು ಗ್ಯಾರಂಟಿ.

ಈಗ ಎಷ್ಟು ಜನ ಇಡುತ್ತಾರೆ ಅನ್ನುವ ಪ್ರಶ್ನೆ. ಕಡಿಮೆ, ತುಂಬಾ ಕಡಿಮೆ. 2023ರಲ್ಲಿ ಇಟಲಿಯಲ್ಲಿ ಹುಟ್ಟಿದ್ದೇ ಸುಮಾರು 3.8 ಲಕ್ಷ ಮಕ್ಕಳು. ಗಂಡು ಹೆಸರುಗಳಲ್ಲಿ 2018ರಿಂದ ಲಿಯೊನಾರ್ದೊ ಮೊದಲ ಸ್ಥಾನ ಬಿಟ್ಟುಕೊಟ್ಟಿಲ್ಲ. ಹಿಂದೆ ಮುಂದೆ ತೊಮ್ಮಾಸೊ, ಎದೊವಾರ್ದೊ, ಫ್ರಾಂಚೆಸ್ಕೊ, ಅಲೆಸ್ಸಾಂದ್ರೊ. ಅಮೆರಿಗೊ ಆ ಪಟ್ಟಿಯ ಹತ್ತಿರಕ್ಕೂ ಬರುವುದಿಲ್ಲ. ಸರಿಯಾದ ಸಂಖ್ಯೆ ಬೇಕಾದರೆ ಇಟಲಿಯ ಅಂಕಿಅಂಶ ಸಂಸ್ಥೆ ಇಸ್ಟಾಟ್‌ನ ಪುಟದಲ್ಲಿ ಹೆಸರು ಹಾಕಿದರೆ 1999ರಿಂದ ಈಚೆಗೆ ವರ್ಷಕ್ಕೆ ಎಷ್ಟು ಮಕ್ಕಳಿಗೆ ಇಟ್ಟಿದ್ದಾರೆ ಅಂತ ತೋರಿಸುತ್ತದೆ. ಕೊಂತಾನೊಮಿ ಅಂತ ಅದರ ಹೆಸರು, ಬಿಟ್ಟಿ.

ಇದು ಟಸ್ಕನಿಯ ತಾತಂದಿರ ಹೆಸರು ಅನ್ನೋ ಭಾವನೆ ಇದೆ, ಅದು ನಿಜ ಕೂಡ. ಆದರೆ ಹತ್ತಿಪ್ಪತ್ತು ವರ್ಷದಿಂದ ಇಲ್ಲಿ ಗಾಳಿ ತಿರುಗಿದೆ. ಎತ್ತೊರೆ, ಎನೆಯಾ, ಪಿಯೆತ್ರೊ, ಲುದೊವೀಕೊ ಇಂಥ ಹಳೆಯ ಹೆಸರುಗಳನ್ನು ಈಗಿನ ಹುಡುಗ ಹುಡುಗಿಯರು ಹುಡುಕಿ ಇಡುತ್ತಿದ್ದಾರೆ. ಆ ಸಾಲಿನಲ್ಲಿ ಅಮೆರಿಗೊ ವಿಚಿತ್ರ ಅನಿಸಲ್ಲ. ಅಮೆರಿಕದ ಸಿನಿಮಾ ನೋಡಿ ಇಟ್ಟ ಕೆವಿನ್‌ಗಿಂತ ನೂರು ಪಾಲು ಮೇಲು. ಇದು ನನ್ನ ಅಭಿಪ್ರಾಯ, ಕೆವಿನ್‌ಗಳು ಕ್ಷಮಿಸಬೇಕು.

ಉಚ್ಚಾರ ನಮಗೆ ಸುಲಭ. ‘ರಿ’ ಮೇಲೆ ಒತ್ತು, ಕನ್ನಡದಲ್ಲಿ ಬರೆದರೆ ಅಮೆರೀಗೊ ಅಂತ ಹತ್ತಿರ ಬರುತ್ತದೆ. ನಮ್ಮಲ್ಲಿ ಹ್ರಸ್ವ ಎ, ಒ ಎರಡೂ ಇರೋದರಿಂದ ನಿಮ್ಮ ಅಮ್ಮ ಇದನ್ನು ಇಂಗ್ಲಿಷರಿಗಿಂತ ಚೆನ್ನಾಗಿ ಹೇಳುತ್ತಾರೆ. ಮನೆಯಲ್ಲಿ ರೀಗೊ ಅನ್ನಬಹುದು. ಅಜ್ಜಿಗೆ ಅದೂ ಬೇಡ ಅನಿಸಿದರೆ ಅಮರ ಅಂತ ಕರೆಯಲಿ, ಸುಮ್ನೆ ಯಾಕೆ ಜಗಳ, ಶಬ್ದವೂ ಹೊಂದುತ್ತದೆ.

ಇಲ್ಲಿ ಕಾನೂನಿನ ಎರಡು ಮಾತು ಹೇಳಬೇಕು, ಯಾಕೆಂದರೆ ಅಮರ ಅನ್ನೋದನ್ನು ಕಾಗದದಲ್ಲೂ ಸೇರಿಸುವ ಆಸೆ ನಿಮಗೆ ಬರುತ್ತದೆ. ಇಟಲಿಯಲ್ಲಿ ಬದುಕಿರುವ ಅಪ್ಪನ ಹೆಸರನ್ನೇ ಮಗನಿಗೆ ಇಡುವಂತಿಲ್ಲ, ಬದುಕಿರುವ ಅಣ್ಣತಮ್ಮಂದಿರ ಹೆಸರೂ ಆಗಲ್ಲ, ನಗೆಪಾಟಲಾಗುವ ಹೆಸರೂ ಆಗಲ್ಲ. ಹಿಂದೆ ಜಿನೋವಾದಲ್ಲಿ ಒಬ್ಬರು ಮಗನಿಗೆ ಶುಕ್ರವಾರ ಅಂತ ಇಡಲು ಹೋಗಿ ಕೋರ್ಟು ತಡೆದು, ಹುಟ್ಟಿದ ದಿನದ ಸಂತನ ಹೆಸರು ಗ್ರೆಗೋರಿಯೊ ಕೊಟ್ಟಿತ್ತು. ತಾತನ ಹೆಸರಿಗೆ ಯಾವ ಅಡ್ಡಿಯೂ ಇಲ್ಲ.

ಹೆಸರು ಒಟ್ಟು ಮೂರರ ತನಕ ಇಡಬಹುದು. ಆದರೆ ನಡುವೆ ಅಲ್ಪವಿರಾಮ ಇದೆಯೋ ಇಲ್ಲವೋ ಅನ್ನೋದು ದೊಡ್ಡ ವ್ಯತ್ಯಾಸ ಮಾಡುತ್ತದೆ. ‘ಅಮೆರಿಗೊ ಅಮರ’ ಅಂತ ಅಲ್ಪವಿರಾಮ ಇಲ್ಲದೆ ಬರೆಸಿದರೆ ಎಲ್ಲಾ ದಾಖಲೆಯಲ್ಲೂ ಎರಡೂ ಬರುತ್ತದೆ, ಸಹಿ ಹಾಕುವಾಗಲೂ ಎರಡೂ ಬೇಕು. ‘ಅಮೆರಿಗೊ, ಅಮರ’ ಅಂತ ಬರೆಸಿದರೆ ಪ್ರಮಾಣಪತ್ರಗಳಲ್ಲಿ ಮೊದಲನೆಯದು ಮಾತ್ರ ಬರುತ್ತದೆ, ಎರಡನೆಯದು ಮೂಲ ನೋಂದಣಿಯಲ್ಲಿ ಉಳಿಯುತ್ತದೆ. ಮುಂದೆ ಒಸಿಐ (ಭಾರತ ಮೂಲದ ವಿದೇಶಿಯರಿಗೆ ಕೊಡುವ ಕಾರ್ಡು) ಮಾಡಿಸುವಾಗ ಪಾಸ್‌ಪೋರ್ಟ್‌ನಲ್ಲಿರುವ ಹೆಸರೇ ನಡೆಯೋದು, ಹಾಗಾಗಿ ಭಾರತದ ಕಾಗದದಲ್ಲಿ ಅಮರ ಕಾಣಬೇಕಾದರೆ ಅಲ್ಪವಿರಾಮ ಬೇಡ. ನಾನಾದರೆ ಅಲ್ಪವಿರಾಮ ಹಾಕಿಸುತ್ತೇನೆ. ಬ್ಯಾಂಕು, ಶಾಲೆ, ಆಸ್ಪತ್ರೆ ಎಲ್ಲಾ ಕಡೆ ಎರಡು ಹೆಸರಿನ ಗೋಳು ಯಾಕೆ.

ಮನೆತನದ ಹೆಸರಿನ ವಿಷಯವೂ ಈಗ ಬದಲಾಗಿದೆ. 2022ರ ಸಾಂವಿಧಾನಿಕ ನ್ಯಾಯಾಲಯದ ತೀರ್ಪಿನ ಮೇಲೆ ಮಗುವಿಗೆ ತಂದೆ ತಾಯಿ ಇಬ್ಬರ ಸರ್‌ನೇಮ್ ಬರುತ್ತದೆ, ಒಂದೇ ಸಾಕು ಅಂದರೆ ಇಬ್ಬರೂ ಒಪ್ಪಿ ಹೇಳಬೇಕು. ನೀವು ನಮ್ಮ ಕಡೆಯ ಬಹಳ ಜನರ ಹಾಗೆ ಇನಿಷಿಯಲ್ ಮಾತ್ರ ಇಟ್ಟುಕೊಂಡು ಬಂದವರಾಗಿದ್ದು, ಪಾಸ್‌ಪೋರ್ಟ್‌ನಲ್ಲಿ ನಿಮ್ಮ ಅಪ್ಪನ ಹೆಸರೋ ಊರಿನ ಹೆಸರೋ ಸರ್‌ನೇಮ್ ಜಾಗದಲ್ಲಿ ಕೂತಿದ್ದರೆ, ಅದೇ ಮಗುವಿಗೂ ಅಂಟಿಕೊಳ್ಳುತ್ತದೆ. ಬೇಕೋ ಬೇಡವೋ ಮೊದಲೇ ಗಂಡನ ಹತ್ತಿರ ಮಾತಾಡಿ. ಹೆರಿಗೆಯಾದ ಆಸ್ಪತ್ರೆಯಲ್ಲಿ ನೋಂದಣಿ ಮಾಡಿಸಲು 3 ದಿನ, ಕೊಮೂನೆ ಅಂದರೆ ಊರಿನ ಪುರಸಭೆಯ ಕಚೇರಿಯಲ್ಲಾದರೆ 10 ದಿನ ಸಮಯ ಇರುತ್ತದೆ. ನಮ್ಮಲ್ಲಿಯ ಹಾಗೆ ನಾಮಕರಣದ ಮುಹೂರ್ತ ಬರಲಿ ಅಂತ ಕಾಯೋಕೆ ಬಿಡಲ್ಲ. ಗಂಡ ಒಬ್ಬರೇ ಕಚೇರಿಗೆ ಹೋಗುವುದಾದರೆ ಹೆಸರನ್ನು ಒಂದು ಚೀಟಿಯಲ್ಲಿ ದೊಡ್ಡ ಅಕ್ಷರದಲ್ಲಿ, ಅಲ್ಪವಿರಾಮ ಸಮೇತ ಬರೆದು ಕೈಗೆ ಕೊಟ್ಟು ಕಳಿಸಿ.